ಅರವತ್ತೊಂದನೆಯ ಪಿನ್ನು

ನಮ್ಮ ಮನೆಗೆ ಬಂದ ನೆಂಟರು ಎದ್ದು ಹೊರಟ ಕೂಡಲೇ ಅಪ್ಪ ಲೋಟ ಎಣಿಸುತ್ತಿದ್ದರು. ಎಂಟು ಲೋಟ ಚಹಾ ಹೊರಗೆ ಹೋಗಿದ್ದರೆ ಎಂಟೂ ಒಳಗೆ ಬಂದವೋ ಇಲ್ಲವೋ ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೆಂಟರು ಇನ್ನೂ ಮೆಟ್ಟಿಲಿಳಿಯುತ್ತಿರುವಾಗಲೇ ಒಳಗೆ ಸ್ಟೀಲಿನ ಸದ್ದು. ಅವ್ವನಿಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ನಾನು ಶಾಲೆಗೆ ಹೊರಟಾಗ ಚೀಲದಲ್ಲಿ ಏನೇನಿದೆ ಎಂದು ಅಪ್ಪ ಒಂದು ದಿನವೂ ಕೇಳಿದವರಲ್ಲ. ಸಂಜೆ ಬಂದ ಮೇಲೆ ಮಾತ್ರ ಚೀಲ ಸುರುವಿ ತೋರಿಸಬೇಕಿತ್ತು. "ಹೋದದ್ದು ಎಣಸಬ್ಯಾಡ, ತಿರುಗಿ ಬಂದದ್ದು ಎಣಸು" ಎನ್ನುವುದು ಅವರ ಗಾದೆ. ಊರವರ ಗಾದೆಯಲ್ಲ, ಅವರೊಬ್ಬರದೇ.

ವಿಚಿತ್ರವೆಂದರೆ ಒಂದು ಕಡಿಮೆ ಬಂದರೆ ಅಪ್ಪ ಸುಮ್ಮನಿರುತ್ತಿದ್ದರು. ಒಂದು ಹೆಚ್ಚು ಬಂದರೆ ಬಿಡುತ್ತಿರಲಿಲ್ಲ. ಆರನೇ ತರಗತಿಯಲ್ಲಿದ್ದಾಗ ಯಾರದೋ ಪೆನ್ಸಿಲು ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಬಂದುಬಿಟ್ಟಿತ್ತು, ಮೂರಂಗುಲದ ಮೋಟು ಪೆನ್ಸಿಲು. ಅದರ ಒಡತಿ ಸಿಗುವವರೆಗೆ ಹೈದರಾಬಾದಿನ ಸನತ್‌ನಗರದ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ ನನ್ನಿಂದ ಒಂದೊಂದೇ ಮನೆಯ ಬಾಗಿಲು ತಟ್ಟಿಸಿದರು. ಐದನೆಯ ಮನೆಯ ಹುಡುಗಿ ತನ್ನದೆಂದಳು. ಅವತ್ತು ಬಂದ ಸಿಟ್ಟು ಇವತ್ತಿಗೂ ನೆನಪಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇಲ್ಲವೆಂದು ಬರೆದರೆ ಮೂವತ್ತು ವರ್ಷ ನನ್ನ ಕೈಯಲ್ಲಿ ಕನ್ನಡ ಕಲಿತ ಮಕ್ಕಳು ನಕ್ಕಾರು.

ಅಪ್ಪ ಸೈನ್ಯದ ಎಂಜಿನಿಯರ್ ಯುನಿಟ್ಟೊಂದರಲ್ಲಿ ಹದಿನೈದು ವರ್ಷ ದುಡಿದು ಹವಾಲ್ದಾರರಾಗಿ ಹೊರಬಂದವರು. ಎಂಜಿನಿಯರ್ ಎಂದರೆ ಕೊಂಡಾಪುರದ ಗಾಜಿನ ಕಟ್ಟಡದಲ್ಲಿ ಕೊರಳಿಗೆ ಕಾರ್ಡು ತೂಗಿಕೊಂಡು ಕೂರುವವರು ಎಂದು ತಿಳಿದಿರುವ ನೆರೆಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ ನನಗೆ ಸಾಕಾಗಿದೆ. ಅಪ್ಪ ಓದಿದ್ದು ಏಳನೇ ಇಯತ್ತೆ, ವಿಜಯಪುರದ ಕಡೆಯ ಹಳ್ಳಿಯಲ್ಲಿ. ಅವರ ಯುನಿಟ್ಟಿನ ಕೆಲಸ ಸೈನ್ಯಕ್ಕಿಂತ ಮುಂದೆ ಹೋಗಿ ದಾರಿ ಮಾಡುವುದು, ಹಿಂದೆ ಉಳಿದು ದಾರಿ ಮುಚ್ಚುವುದು. ಹೊಳೆಗೆ ಸೇತುವೆ, ಗುಡ್ಡಕ್ಕೆ ರಸ್ತೆ, ಮರಳುಗಾಡಿನಲ್ಲಿ ಬಾವಿ. ವೈರಿ ಬರುವ ಕಡೆ ನೆಲದಲ್ಲಿ ಬಾಂಬು ಹೂಳುವುದು, ಯುದ್ಧ ಮುಗಿದ ಮೇಲೆ ಅದೇ ಬಾಂಬನ್ನು ಅಂಗೈಯಿಂದ ಮರಳು ಸರಿಸಿ ತೆಗೆಯುವುದು. ಉಳಿದ ದಳಗಳು ಗೆದ್ದ ಕಥೆ ಹೇಳಿಕೊಂಡರೆ ಇವರದು ಸಲಿಕೆಯ ಕಥೆ.

ಸೈನ್ಯ ಬಿಟ್ಟ ಮೇಲೆ ನಮ್ಮ ಊರಿನವರೆಲ್ಲ ಪುಣೆ, ಸೊಲ್ಲಾಪುರ ಎಂದು ಹೊರಟರೆ ಅಪ್ಪ ಹೈದರಾಬಾದಿಗೆ ಬಂದು ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಹಿಡಿದರು. ಯಾಕೆ ಹೈದರಾಬಾದು ಎಂದು ಅವ್ವ ಸಾಯುವವರೆಗೂ ಕೇಳಿದಳು. ಅಪ್ಪ ಹವಾ ಚೆನ್ನಾಗಿದೆ ಎನ್ನುತ್ತಿದ್ದರು. ಸನತ್‌ನಗರದ ಹೊಗೆಯಲ್ಲಿ ನಿಂತುಕೊಂಡು ಹೇಳುವ ಮಾತು!

ಪ್ರತಿವರ್ಷ ಸಂಕ್ರಾಂತಿಯ ದಿನ ಅಪ್ಪ ಕುಸುರೆಳ್ಳಿನ ಡಬ್ಬಿ ಹಿಡಿದು, ನನ್ನನ್ನೂ ಕರೆದುಕೊಂಡು ಜೀಡಿಮೆಟ್ಲಾಕ್ಕೆ ಹೋಗುತ್ತಿದ್ದರು. ಅಲ್ಲೊಬ್ಬ ಹೆಣ್ಣುಮಗಳಿದ್ದರು. ಅವರ ಗಂಡ ಅಪ್ಪನ ಯುನಿಟ್ಟಿನಲ್ಲೇ ಜವಾನರಾಗಿದ್ದು ಗಡಿಯಲ್ಲಿ ಸತ್ತವರು. ಕಂಕುಳಲ್ಲಿ ಕೂಸು ಹೊತ್ತು ಅವರು ಹೈದರಾಬಾದಿನ ಅಣ್ಣನ ಮನೆಗೆ ಬಂದವರು ಇಲ್ಲೇ ಉಳಿದರು. ನಾನು ಅವರನ್ನು ಅತ್ತಿ ಎನ್ನುತ್ತಿದ್ದೆ, ಅವರು ಅಪ್ಪನನ್ನು ಅಣ್ಣಾರ ಎನ್ನುತ್ತಿದ್ದರು. ಹೋದ ಕೂಡಲೇ ಅತ್ತಿ ಕುರ್ಚಿ ಹಾಕಿ ಕೂಡಲು ಹೇಳುವರು, ಅಪ್ಪ ಕೂಡುತ್ತಿರಲಿಲ್ಲ. ಡಬ್ಬಿ ಕೊಟ್ಟು, ಹುಡುಗನ ಓದು ವಿಚಾರಿಸಿ, ಒಂದು ಗುಟುಕು ನೀರೂ ಕುಡಿಯದೆ ಬಾಗಿಲಿಂದಲೇ ಹೊರಡುವರು. ಅದು ಸೈನ್ಯದ ಶಿಸ್ತು ಎಂದು ನಾನು ತಿಳಿದಿದ್ದೆ. ಗೋಡೆಯ ಮೇಲೆ ಸಮವಸ್ತ್ರದ ಫೋಟೋ ಇತ್ತು. ಅತ್ತಿ ಅದಕ್ಕೆ ಹೂವು ಹಾಕುವಾಗ ಬಾಯೊಳಗೇ ಏನೋ ಗೊಣಗುತ್ತಿದ್ದರು. ಮಂತ್ರವಿರಬೇಕು ಎಂದುಕೊಂಡಿದ್ದೆ. ಆ ಹುಡುಗ ದೊಡ್ಡವನಾಗಿ ಅಲ್ಲಿಯೇ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ, ಅವನ ತಲೆಯೂ ನರೆತರೂ ನಮ್ಮ ಸಂಕ್ರಾಂತಿಯ ಪದ್ಧತಿ ಬದಲಾಗಲಿಲ್ಲ.

ನಾನು ನಿವೃತ್ತಳಾದ ವರ್ಷ ಹೈದರಾಬಾದಿನಲ್ಲಿ ನೆಲೆಸಿದ ಆ ಯುನಿಟ್ಟಿನ ಹಳಬರಿಗೆ ತಮ್ಮ ಇತಿಹಾಸವನ್ನು ಪುಸ್ತಕ ಮಾಡಬೇಕೆಂಬ ಹುಕಿ ಹತ್ತಿತು. ಯುನಿಟ್ಟು ಹುಟ್ಟಿದ ದಿನ ವರ್ಷಕ್ಕೊಮ್ಮೆ ಸೇರಿ ಊಟ ಮಾಡುವ ಇಪ್ಪತ್ತು ಮೂವತ್ತು ಮುದುಕರು. ಅರ್ಧ ತೆಲುಗರು, ಅರ್ಧ ನಮ್ಮ ಕಡೆಯವರು. ಅವರ ಅಧ್ಯಕ್ಷರು ಸುಬೇದಾರ್ ಮೇಜರ್ ಆಗಿದ್ದವರು, ಎಂಬತ್ತರಲ್ಲೂ ಅಂಗಿಯ ಇಸ್ತ್ರಿ ಮುರಿಯಗೊಡದ ಮನುಷ್ಯ. ತೆಲುಗು ಭಾಗ ತಾವು ಬರೆಯುವುದು, ಕನ್ನಡ ಭಾಗ ಹವಾಲ್ದಾರರ ಮಗಳು ಟೀಚರಮ್ಮ ಬರೆಯುವುದು ಎಂದು ಅವರೇ ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ, ಆದೇಶ ಬಂತು. ಆಧಾರಕ್ಕೆಂದು ಯುನಿಟ್ಟಿನ ಹಳೆಯ ಇತಿಹಾಸದ ಜೆರಾಕ್ಸ್ ಕೊಟ್ಟರು, ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಾಳೆಗಳು.

ಬೆಳಿಗ್ಗೆ ತಿಂಡಿ ಮುಗಿಸಿ ನಾನು ಬರೆಯಲು ಕೂತರೆ ಅಪ್ಪ ಎದುರಿಗೆ ಕೂತು ಹಾಳೆಯಲ್ಲಿ ಇಲ್ಲದ್ದನ್ನು ಹೇಳುವರು. ಹೊಸ ಸೇತುವೆಯ ಮೇಲೆ ಮೊದಲ ಟ್ರಕ್ಕು ದಾಟುವಾಗ ಅದನ್ನು ಕಟ್ಟಿದವರು ಸೇತುವೆಯ ಕೆಳಗೆ ನಿಲ್ಲಬೇಕು, ಇದು ಅವರ ಯುನಿಟ್ಟಿನ ಪದ್ಧತಿಯಂತೆ. ಅಪ್ಪ ನಾಲ್ಕು ಸಲ ನಿಂತಿದ್ದರು. ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ. ಮೇಲಿಂದ ಆಯಿಲ್ ತೊಟ್ಟಿಕ್ಕಿ ಅಂಗಿ ಹಾಳಾಯಿತು ಎಂದರು. ಬಾಂಬು ತೆಗೆದ ನೆಲದಲ್ಲೂ ಹಾಗೆಯೇ. ತೆಗೆದವರೆಲ್ಲ ಒಬ್ಬರ ತೋಳಿಗೆ ಒಬ್ಬರು ತೋಳು ಹಾಕಿ, ಹೊಲದ ರೈತರ ಕಣ್ಣೆದುರಿಗೆ ಆ ನೆಲವನ್ನು ತುಳಿದು ದಾಟಬೇಕು. ಆಮೇಲೆಯೇ ರೈತ ನೇಗಿಲು ಇಳಿಸುವುದು. ಹಾಳೆಯಲ್ಲಿ ಇದೊಂದೂ ಇರಲಿಲ್ಲ, ನಾನು ಸೇರಿಸಿದೆ. ಅಧ್ಯಕ್ಷರು ನನ್ನ ಕರಡಿಗೆ ತಮ್ಮದನ್ನು ಸೇರಿಸಿದರು, ಎಲ್ಲಿ ನೋಡಿದರೂ 'ವೀರ' ಎಂದು. ವೀರ ಜವಾನರು, ವೀರ ಸೇತುವೆ. ನೀರಿನ ಟ್ಯಾಂಕಿಗೂ ವೀರ ಎನ್ನುವಿರಾ ಎಂದು ನಾನು ಫೋನಿನಲ್ಲಿ ಕೇಳಿದ್ದಕ್ಕೆ ಒಂದು ವಾರ ಮಾತು ಬಿಟ್ಟರು.

ಹೀಗೆ ನಡೆಯುತ್ತಿರುವಾಗ ಆ ವಾಕ್ಯ ಬಂತು. ಮೂಲದಲ್ಲಿದ್ದುದನ್ನು ನಾನು ಕನ್ನಡದಲ್ಲಿ ಬರೆದು ಅಪ್ಪನಿಗೆ ಓದಿ ಹೇಳಿದೆ. ಗಡಿಯ ಮರಳುಗಾಡಿನಲ್ಲಿ ನೆಲಬಾಂಬು ತೆಗೆಯುವ ಕೆಲಸ ಮುಗಿದ ಮೇಲೆ ಒಬ್ಬ ಜವಾನನು ಅಜಾಗರೂಕತೆಯಿಂದ ತೆಗೆದ ನೆಲದ ಅಂಚಿಗೆ ಗುರುತಿಗಾಗಿ ಹಾಸಿದ್ದ ಬಿಳಿ ಬಟ್ಟೆಯ ಪಟ್ಟಿಯನ್ನು ದಾಟಿ ಪ್ರಾಣ ಕಳೆದುಕೊಂಡನು. ವಾಕ್ಯ ಚೆನ್ನಾಗಿ ಕೂತಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಅಪ್ಪ ಚಹಾದ ಕಪ್ಪು ಕೆಳಗಿಟ್ಟರು.

"ಆ ಸಾಲು ಹೊಡದ ಹಾಕು," ಎಂದರು.

ಮೂಲದಲ್ಲಿ ಹಾಗೇ ಇದೆಯಲ್ಲ ಎಂದೆ.

"ಮೂಲದಾಗ ಇದ್ದದ್ದು ನಾ ಹೇಳಿದ ಸುಳ್ಳು."

ಎದ್ದು ಹೋಗಿ ತಮ್ಮ ಟ್ರಂಕಿನಿಂದ ಬೂಟ್ ಪಾಲಿಶಿನ ಹಳೆಯ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು. ಒಳಗೆ ಹತ್ತಿಯಲ್ಲಿ ಸುತ್ತಿದ ಒಂದು ಪಿನ್ನಿತ್ತು. ಬೆರಳುದ್ದದ ತಂತಿ, ತಲೆಗೊಂದು ಉಂಗುರ, ತುಕ್ಕು ಹಿಡಿದು ಕೆಂಪಾಗಿತ್ತು.

ಅವತ್ತು ಅಪ್ಪ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಒಂದೊಂದು ನೆಲಬಾಂಬಿಗೂ ಒಂದೊಂದು ಪಿನ್ನು. ಪಿನ್ನು ಇರುವವರೆಗೆ ಅದರ ಮೇಲೆ ಎಮ್ಮೆ ಮಲಗಿದರೂ ಏನಾಗುವುದಿಲ್ಲ. ಹೂಳಿದ ಮೇಲೆ ಪಿನ್ನು ಎಳೆಯುತ್ತಾರೆ, ಆಗ ಅದಕ್ಕೆ ಜೀವ ಬರುತ್ತದೆ. ಎಳೆದ ಪಿನ್ನುಗಳನ್ನು ಜವಾನರು ತಂದು ಎಣಿಸುವವನ ಮುಂದೆ ಸುರುವಬೇಕು. ಎಷ್ಟು ಪಿನ್ನು ತಿರುಗಿ ಬಂದವೋ ಅಷ್ಟು ಬಾಂಬು ನೆಲದಲ್ಲಿ ಕಣ್ಣು ಬಿಟ್ಟಿವೆ ಎಂದರ್ಥ. ಯುದ್ಧ ಶುರುವಾಗುವ ಮುಂಚೆ ಒಂದು ಸಂಜೆ ಎಣಿಸುವ ಪಾಳಿ ಆಗಿನ್ನೂ ಹವಾಲ್ದಾರರ ಕೆಳಗಿನ ನಾಯಕ್ ದರ್ಜೆಯಲ್ಲಿದ್ದ ಅಪ್ಪನಿಗೆ ಬಂತು. ನಕ್ಷೆಯಲ್ಲಿ ಗುರುತು ಮಾಡಿದ್ದು ಅರವತ್ತು ಬಾಂಬು. ಮುಂದೆ ಬಿದ್ದಿದ್ದ ಪಿನ್ನು ಅರವತ್ತೊಂದು.

ಮೂರು ಸಲ ಎಣಿಸಿದರಂತೆ. ಮರಳು ಗಾಳಿ ಎದ್ದಿತ್ತು, ಹೊರಡಲು ಹುಕುಂ ಆಗಿ ಟ್ರಕ್ಕುಗಳ ಎಂಜಿನ್ ಶುರುವಾಗಿತ್ತು. ನಿನ್ನೆಯ ಪಿನ್ನು ಯಾರದೋ ಜೇಬಿನಲ್ಲಿ ಉಳಿದಿರಬೇಕು ಎಂದುಕೊಂಡರು. ಒಂದು ಹೆಚ್ಚಿದೆ ಎಂದು ಬಾಯಿ ಬಿಟ್ಟರೆ ಎಲ್ಲರನ್ನೂ ಇಳಿಸಿ, ಸಾಲು ಸಾಲು ಹುಡುಕಬೇಕಾಗುತ್ತಿತ್ತು. ಅಪ್ಪ ಒಂದನ್ನು ಜೇಬಿಗೆ ಹಾಕಿಕೊಂಡು ಅರವತ್ತು ಎಂದರು. ನಿಜವಾಗಿ ಆಗಿದ್ದೇನೆಂದರೆ, ಮಿಕ್ಕಿದ್ದ ಒಂದು ಬಾಂಬನ್ನು ಯಾರೋ ಅವಸರದಲ್ಲಿ ಸಾಲಿನ ಕೊನೆಗೆ ಹೂತು, ನಕ್ಷೆ ಬರೆಯುವವನಿಗೆ ಹೇಳುವುದನ್ನು ಮರೆತಿದ್ದರು.

ಯುದ್ಧ ಮುಗಿದ ಮೇಲೆ ಅದೇ ಗುಂಪು ಹೋಗಿ ನಕ್ಷೆಯಂತೆ ಅರವತ್ತು ತೆಗೆಯಿತು. ತೋಳಿಗೆ ತೋಳು ಹಾಕಿ ನಡೆದರು, ರೈತರು ಚಪ್ಪಾಳೆ ತಟ್ಟಿದರು. ಆಮೇಲೆ ಅಂಚಿನ ಬಿಳಿ ಪಟ್ಟಿಯನ್ನು ಸುತ್ತಿ ತರಲು ಒಬ್ಬ ಜವಾನ ಹೋದರು. ಅತ್ತಿಯ ಗಂಡ. ನಕ್ಷೆಯಲ್ಲಿಲ್ಲದ ಆ ಬಾಂಬು ಅವರ ಕಾಲ ಕೆಳಗೆ ಸಿಡಿಯಿತು. ವಿಚಾರಣೆಯಲ್ಲಿ ಅಪ್ಪನಿಗೆ ಕೇಳಿದ್ದು ಒಂದೇ ಪ್ರಶ್ನೆ, ಹೂಳಿದ ದಿನ ಪಿನ್ನು ತಾಳೆಯಾಗಿತ್ತೇ ಎಂದು. ಆಗಿತ್ತು ಎಂದರು. ನಕ್ಷೆ ಸರಿ, ಪಿನ್ನು ಸರಿ ಎಂದ ಮೇಲೆ ಬಾಂಬು ಪಟ್ಟಿಯ ಹೊರಗೆ ಇದ್ದಿರಬೇಕು, ಸತ್ತವರು ಪಟ್ಟಿ ದಾಟಿರಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಟ್ಟಿ ಎಲ್ಲಿತ್ತೆಂದು ತೋರಿಸಲು ಪಟ್ಟಿಯೇ ಉಳಿದಿರಲಿಲ್ಲ.

"ಅಂವ ದಾಟಿರಲಿಲ್ಲ. ಹಂಗಂತ ಬರಿ," ಎಂದರು ಅಪ್ಪ. "ಪಿನ್ನು ಮುಚ್ಚಿಟ್ಟಂವ ನಾ ಅಂತನೂ ಬರಿ."

ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಒಂದು ಮೋಟು ಪೆನ್ಸಿಲಿಗಾಗಿ ಐದು ಮನೆ ಬಾಗಿಲು ತಟ್ಟಿಸಿದ ಮನುಷ್ಯ! ಆ ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಎಂಬತ್ತೆರಡರ ಅಪ್ಪ, ವರ್ಷಕ್ಕೊಮ್ಮೆ ಸಿಗುವ ಆ ಊಟಕ್ಕಾಗಿ ಹದಿನೈದು ದಿನ ಮೊದಲೇ ಬೂಟು ಉಜ್ಜಿಡುವ ಅಪ್ಪ, ಇನ್ನು ಮೇಲೆ ಆ ಮುದುಕರ ನಡುವೆ ಹೇಗೆ ಕೂರುತ್ತಾರೆ ಎಂಬ ಹೆದರಿಕೆ. ವಾಕ್ಯವನ್ನೇ ತೆಗೆದುಬಿಡುತ್ತೇನೆ, ಯಾರ ತಪ್ಪೂ ಬರೆಯುವುದು ಬೇಡ ಎಂದೆ. ತೆಗೆದರೆ ಎಲ್ಲರ ತಲೆಯಲ್ಲಿ ಹಳೆಯದೇ ಉಳಿಯುತ್ತದೆ ಎಂದರು. ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವಳು ನಾನು. ಆ ಒಂದು ವಾಕ್ಯವನ್ನು ತಿದ್ದಲು ನನ್ನ ಕೈ ಏಳಲಿಲ್ಲ.

ಅಪ್ಪನೇ ಫೋನು ಮಾಡಿ ತಿಳಿಸಿದ ಸುದ್ದಿ ಕೇಳಿ ಅಧ್ಯಕ್ಷರು ಮನೆಗೇ ಬಂದರು. ಸೈನ್ಯದ ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದರು. ಮುಗಿದ ವಿಚಾರಣೆ, ಇಡೀ ಯುನಿಟ್ಟಿನ ಮಾನ, ತುಕ್ಕು ಹಿಡಿದ ಪಿನ್ನು ಯಾವ ದಿನದ್ದೆಂದು ಯಾರು ಹೇಳಬಲ್ಲರು, ಛೋಡೋ, ಬಿಟ್ಟುಬಿಡಿ. ಅವರು ಕೆಟ್ಟವರಲ್ಲ. ಅಪ್ಪನನ್ನು ಉಳಿಸಲು ಬಂದಿದ್ದರು, ನನ್ನ ಮನಸ್ಸಿನಲ್ಲಿದ್ದುದನ್ನೇ ಹೇಳುತ್ತಿದ್ದರು. ನನ್ನ ಮಾತು ಇನ್ನೊಬ್ಬರ ಬಾಯಲ್ಲಿ ಬಂದಾಗ ಎಷ್ಟು ಸಣ್ಣದಾಗಿ ಕೇಳಿಸುತ್ತದೆ ಎಂಬುದು ನನಗೆ ಆಗ ತಿಳಿಯಿತು. ಕೊನೆಗೆ ಅಪ್ಪ ತಾವೂ ಬೇಡ, ಅಧ್ಯಕ್ಷರೂ ಬೇಡ, ಜೀಡಿಮೆಟ್ಲಾದ ಆ ತಂಗಿಯನ್ನು ಕೇಳೋಣ, ಅವರು ಹೇಳಿದಂತೆ ಅಚ್ಚಾಗಲಿ ಎಂದರು. ಅಧ್ಯಕ್ಷರು ಒಪ್ಪಿದರು.

ಮರುದಿನ ಬೆಳಿಗ್ಗೆ ಆಟೋದಲ್ಲಿ ಜೀಡಿಮೆಟ್ಲಾಕ್ಕೆ ಹೋದೆವು. ಸಂಕ್ರಾಂತಿಯಲ್ಲದ ದಿನ ನಮ್ಮನ್ನು ಕಂಡು ಅತ್ತಿಗೆ ಗಾಬರಿಯೇ ಆಯಿತು. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ಎಂದಿನಂತೆ ಕುರ್ಚಿ ಹಾಕಿದರು, ಎಂದಿನಂತೆ ಅಪ್ಪ ಕೂಡಲಿಲ್ಲ. ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದರು, ಹೆಚ್ಚು ಕಡಿಮೆ ಮಾಡಲಿಲ್ಲ. ಪಾಲಿಶಿನ ಡಬ್ಬಿ ತೆರೆದು ನೆಲದ ಮೇಲೆ ಇಟ್ಟರು. ಅತ್ತಿಯ ಕೈ ಬೇಳೆಯ ಮೇಲೆ ಆಡುತ್ತಲೇ ಇತ್ತು, ಆಮೇಲೆ ನಿಂತಿತು. ಅವರು ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ.

"ಐವತ್ತು ವರ್ಷ ಅವರನ್ನ ಬೈದೀನ್ರಿ ಅಣ್ಣಾರ," ಎಂದರು. "ಹೂ ಹಾಕೂಮುಂದ ದಿನಾ ಬೈದೀನಿ. ಹೇಣ್ತಿ ನೆನಪಾಗಲಿಲ್ಲೇನು, ಕೂಸು ನೆನಪಾಗಲಿಲ್ಲೇನು, ಪಟ್ಟಿ ದಾಟಿ ಯಾಕ ಹೋದಿ ಅಂತ. ನಿಮ್ಮಪ್ಪನಂಗ ಬೇಫಿಕೀರ್ ಆಗಬ್ಯಾಡ ಅಂತ ಮಗಗ ಹೇಳಿ ಬೆಳಸೀನಿ. ಅವರು ದಾಟೇ ಇರಲಿಲ್ಲ ಅಂದ್ರ, ಅಷ್ಟೂ ಬೈಗಳ ಯಾರಿಗೆ ಹೋದುವು?"

ಅಷ್ಟು ವರ್ಷ ಮಂತ್ರ ಎಂದುಕೊಂಡದ್ದು ಏನೆಂದು ನನಗೆ ಅರ್ಥವಾಯಿತು. ಅತ್ತಿ ನನ್ನ ಕಡೆ ತಿರುಗಿ, ಇದ್ದದ್ದನ್ನು ಇದ್ದ ಹಾಗೆ ಬರಿ ಎಂದರು. ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದರು, ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ನಿಂತು ನಾವು ಹೊರಟೆವು. ಪಿನ್ನಿನ ಡಬ್ಬಿ ಅಲ್ಲೇ ಉಳಿಯಿತು.

ಅಂದೇ ಕೂತು ಬರೆದೆ. ಎಣಿಸುವಾಗ ಒಂದು ಪಿನ್ನು ಹೆಚ್ಚು ಬಂದಿತ್ತು, ಎಣಿಸಿದ ನಾಯಕ್ ಅದನ್ನು ಮುಚ್ಚಿಟ್ಟರು, ನಕ್ಷೆಯಲ್ಲಿಲ್ಲದ ಬಾಂಬಿನಿಂದ ಸತ್ತ ಜವಾನರು ಬಿಳಿ ಪಟ್ಟಿಯನ್ನು ದಾಟಿರಲಿಲ್ಲ ಎಂದು. ಇಬ್ಬರ ಹೆಸರನ್ನೂ ಬರೆದೆ. ಅಧ್ಯಕ್ಷರಿಗೆ ಫೋನಿನಲ್ಲಿ ಅತ್ತಿಯ ಮಾತನ್ನು ಹೇಳಿದೆ. ಅವರು ತೆಲುಗಿನಲ್ಲೂ ಹಾಗೇ ಬರೆಯುವುದಾಗಿ ಹೇಳಿದರು. ಅಚ್ಚಿನ ಕರಡು ಬಂದಾಗ ನೋಡಿದೆ, ಆ ಪುಟದಲ್ಲಿ ವೀರ ಎಂಬ ಮಾತನ್ನು ಒಂದೇ ಕಡೆ ಸೇರಿಸಿದ್ದರು, ಸತ್ತವರ ಹೆಸರಿನ ಮೊದಲಿಗೆ. ನಾನು ಹೊಡೆದುಹಾಕಲು ಹೇಳಲಿಲ್ಲ.

ಊಟದ ದಿನ ಅಪ್ಪ ಬೂಟು ಹಾಕಿಕೊಂಡು ಹೋದರು. ಕೆಲವರು ಬಂದು ಭುಜ ಮುಟ್ಟಿದರು, ಕೆಲವರು ದೂರದ ಮೇಜಿಗೆ ಹೋದರು. ಅತ್ತಿ ಬರಲಿಲ್ಲ. ಪುಸ್ತಕವನ್ನು ಅವರಿಗೆ ನಾನೇ ಅಂಚೆಯಲ್ಲಿ ಕಳಿಸಿದೆ. ಮನೆಗೆ ಹೋಗಿ ಕೊಡುವ ಧೈರ್ಯ ನನಗಿರಲಿಲ್ಲ.

ಆಮೇಲೆ ಸಂಕ್ರಾಂತಿ ಬಂತು. ಅಪ್ಪ ಕುಸುರೆಳ್ಳಿನ ಡಬ್ಬಿ ತುಂಬಿಸಿ, ಈ ಸಲ ನೀನೊಬ್ಬಳೇ ಹೋಗಿ ಕೊಟ್ಟು ಬಾ ಎಂದರು. ಜೀಡಿಮೆಟ್ಲಾದ ಕರೆಂಟು ತಂತಿಗಳಲ್ಲೆಲ್ಲ ಗಾಳಿಪಟ ಸಿಕ್ಕಿಕೊಂಡಿದ್ದವು. ನಾನು ಹೋದಾಗ ಅತ್ತಿ ಫೋಟೋಕ್ಕೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ಈ ಸಲ ಬಾಯಿ ಆಡಲಿಲ್ಲ. ಮಾಲೆ ಹಾಕಿ, ಫೋಟೋದ ಗಾಜನ್ನು ಸೆರಗಿನಿಂದ ಒರೆಸಿ, ಅಂಗೈಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದರು. ಕೆಳಗಿನ ಗೂಡಿನಲ್ಲಿ ಪಾಲಿಶಿನ ಡಬ್ಬಿ ಇತ್ತು.

ನಾನು ಕುಸುರೆಳ್ಳು ಕೊಟ್ಟು, ಎಳ್ಳು ಬೆಲ್ಲ ತಗೊಂಡು ಒಳ್ಳೆ ಮಾತಾಡೋಣ ಎಂದೆ. ವರ್ಷವೂ ಹೇಳುವ ಮಾತು. ಅತ್ತಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಅಣ್ಣಾರ ಯಾಕೆ ಬರಲಿಲ್ಲ ಎಂದು ಕೇಳಿದರು. ಮುಖ ತೋರಿಸಲು ಅಂಜುತ್ತಾರೆ ಎಂದೆ.

"ಕರಕೊಂಡ ಬಾ," ಎಂದು ಫೋಟೋದ ಕಡೆ ಕೈ ಮಾಡಿದರು. "ಇವರ ಮ್ಯಾಲಿನ ಸಿಟ್ಟು ತೀರಿತು. ಇನ್ನ ಸಿಟ್ಟು ಮಾಡಾಕ ನನಗ ನಿಮ್ಮಪ್ಪ ಒಬ್ಬರ ಉಳಿದಾರ. ಬಂದು ಕುರ್ಚಿ ಮ್ಯಾಲ ಕೂಡ್ರಾಕ ಹೇಳು. ನಿಂತಾವ್ರನ್ನ ಬೈಯಾಕ ಬರೂದಿಲ್ಲ."

ಮನೆಗೆ ಬಂದು ಅಪ್ಪನಿಗೆ ಇದನ್ನು ಹೀಗೇ ಹೇಳಿದೆ. ಅವರು ಎದ್ದು ಅಂಗಿ ಬದಲಿಸಿದರು. ಬಿಸಿಲು ಇಳಿಯುವ ಮುಂಚೆ ಮತ್ತೆ ಆ ಬಾಗಿಲಲ್ಲಿ ಇದ್ದೆವು. ಕುರ್ಚಿ ಹಾಕಿಯೇ ಇತ್ತು. ಅಪ್ಪ ಹೊಸ್ತಿಲ ಹೊರಗೆ ಬೂಟು ಬಿಚ್ಚಿಟ್ಟು ಒಳಗೆ ಹೋಗಿ ಕೂತರು. ಅತ್ತಿ ಒಂದು ಲೋಟ ನೀರು ತಂದು ಅವರ ಕೈಗೆ ಕೊಟ್ಟರು, ಕುಡಿದು ಮುಗಿಸುವವರೆಗೆ ಕಾದರು, ಖಾಲಿ ಲೋಟ ತಿರುಗಿ ಇಸಿದುಕೊಂಡರು. ಆಮೇಲೆ ಎದುರಿಗೆ ಕೂತು ಬೈಯಲು ಶುರು ಮಾಡಿದರು. ನಾನು ಹೊರಗೆ ಬಂದು ಬಾಗಿಲು ಮುಂದೆ ಮಾಡಿ, ಅಪ್ಪನ ಬೂಟಿನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ.